ಬುಸ್ಕಾರ್, ಪಗಾರ್, ಎಂಪೆಸಾರ್: ‘ನೀವು’ ರೂಪದ ಆಜ್ಞೆಯಲ್ಲಿ ಸ್ಪೆಲಿಂಗ್ ತಪ್ಪಾಗ್ತಿದೆ

ಪ್ರಶ್ನೆ:
ಸ್ಪ್ಯಾನಿಷ್ ವಿಧ್ಯರ್ಥದಲ್ಲಿ ಸಿಕ್ಕಿಕೊಂಡಿದ್ದೇನೆ. ‘ಆರ್’ ಅಂತ್ಯದ ಕ್ರಿಯಾಪದಕ್ಕೆ ‘ಉಸ್ತೆದ್’ (ನೀವು) ರೂಪ ಬೇಕಾದರೆ ಕೊನೆಗೆ ಇ ಹಚ್ಚಬೇಕು ಅನ್ನೋದು ಗೊತ್ತು. ಆಬ್ಲಾರ್ (ಮಾತಾಡು) ಆಬ್ಲೆ ಆಗುತ್ತೆ, ಸರಿ. ಬುಸ್ಕಾರ್ (ಹುಡುಕು) ಅನ್ನು ಬಿ-ಯು-ಎಸ್-ಸಿ-ಇ ಎಂದು ಬರೆದರೆ ಮಾತ್ರ ತಪ್ಪಂತೆ. ಪಗಾರ್ (ಹಣ ಕೊಡು), ಎಂಪೆಸಾರ್ (ಶುರು ಮಾಡು) ಇವುಗಳದ್ದೂ ಇದೇ ಗೋಳು. ಆದರೆ ‘ತೂ’ (ನೀನು) ರೂಪದ ಬುಸ್ಕಾ ಸರಿಯಂತೆ! (ಅಕ್ಷರಗಳಿಗೆ ಇಂಗ್ಲಿಷ್ ಹೆಸರೇ ಬಳಸಿದ್ದೇನೆ.)

ಉತ್ತರ 1:
ಬರೆದದ್ದನ್ನು ಗಟ್ಟಿಯಾಗಿ ಓದಿ, ‘ಬುಸೆ’ ಆಗುತ್ತೆ. ‘ಕ’ ಎಲ್ಲಿ ಹೋಯ್ತು? ನಮ್ಮ ಕಾಗುಣಿತದಲ್ಲಿ ಯಾವ ಸ್ವರ ಸೇರಿದರೂ ಕ ಕ-ವೇ. ಸ್ಪ್ಯಾನಿಷ್‌ನಲ್ಲಿ ಸಿ ಆದ ಮೇಲೆ ಇ ಅಥವಾ ಐ ಬಂದರೆ ಲ್ಯಾಟಿನ್ ಅಮೆರಿಕದವರು ‘ಸ’ ಅನ್ನುತ್ತಾರೆ. ಸದ್ದು ಉಳಿಸಿಕೊಳ್ಳೋಕೇ ಅಕ್ಷರ ಬದಲಾಯಿಸುವುದು.

ಸಿ ಇದ್ದಲ್ಲಿ ಕ್ಯೂ-ಯು ಹಾಕಿ: ಬಿ-ಯು-ಎಸ್-ಕ್ಯೂ-ಯು-ಇ, ಓದುವುದು ಬುಸ್ಕೆ. ಯು ಮೂಕ. ಜಿ ಇದ್ದಲ್ಲಿ ಜಿ-ಯು: ಪಿ-ಎ-ಜಿ-ಯು-ಇ, ಅಂದರೆ ಪಗೆ. ಯು ಬಿಟ್ಟರೆ ‘ಪಹೆ’ ಆಗಿಬಿಡುತ್ತೆ. ಎಂಪೆಸಾರ್‌ನ ‘ಸ’ ಬರೆಯುವುದು ಝಡ್‌ನಿಂದ, ಅದರದ್ದು ಬೇರೆ ಕಥೆ: ಸದ್ದಿಗೆ ತೊಂದರೆಯಿಲ್ಲ, ಇ ಮುಂಚೆ ಝಡ್ ಬರೆಯುವ ರೂಢಿಯಿಲ್ಲ, ಅದಕ್ಕೇ ಸಿ. ಎಂಪೆಸಾರ್‌ನಲ್ಲಿ ಎರಡು ಕೆಲಸ. ಧಾತುವಿನ ಇ ಒಡೆದು ಐ-ಇ ಆಗಬೇಕು, ಝಡ್ ಸಿ ಆಗಬೇಕು: ಇ-ಎಂ-ಪಿ-ಐ-ಇ-ಸಿ-ಇ.

‘ತೂ’ ರೂಪದ ಕೊನೆಯಲ್ಲಿ ಎ ಇರುತ್ತೆ, ಸದ್ದು ಕೆಡುವ ಪ್ರಶ್ನೆಯೇ ಇಲ್ಲ. ಅಲ್ಲಿ ಕ್ಯೂ ತುರುಕಬೇಡಿ.

ಮರುಪ್ರಶ್ನೆ:
ಭೂತಕಾಲದ ‘ಯೊ’ (ನಾನು) ರೂಪದಲ್ಲೂ ಕ್ಯೂ-ಯು ಇದೆಯಲ್ಲ, ಅದನ್ನೇ ಎತ್ತಿಕೊಂಡರೆ ಆಗಲ್ವಾ?

ಉತ್ತರ 2:
ಬುಸ್ಕಾರ್, ಪಗಾರ್‌ಗೆ ನಡೆಯುತ್ತೆ, ಕೊನೆಯ ಇ ಮೇಲಿನ ಗೀಟು (ಸ್ವರ ಒತ್ತಿ ಹೇಳಲು ಹಾಕುವ ಗುರುತು) ತೆಗೆದರೆ ಸಾಕು. ಗೀಟು ಉಳಿದರೆ ‘ಹುಡುಕಿ’ ಅಲ್ಲ, ‘ನಾನು ಹುಡುಕಿದೆ’. ಎಂಪೆಸಾರ್‌ಗೆ ಈ ಉಪಾಯ ಕೈಕೊಡುತ್ತೆ, ಭೂತಕಾಲದಲ್ಲಿ ಧಾತು ಒಡೆಯುವುದಿಲ್ಲ.

‘ಎರ್’, ‘ಇರ್’ ಅಂತ್ಯದವಕ್ಕೆ ವರ್ತಮಾನದ ‘ಯೊ’ ರೂಪ ಹಿಡಿಯಿರಿ, ಕೊನೆಯ ಓ ತೆಗೆದು ಎ ಹಾಕಿ. ರೆಕೊಹೆರ್ (ಎತ್ತಿಕೊ) ರೆಕೊಹೊ ಆಗುವಾಗಲೇ ಜಿ ಹೋಗಿ ಜೆ ಬಂದಿರುತ್ತೆ, ಹಾಗಾಗಿ ರೆಕೊಹಾ. ಸೆಗೀರ್ (ಮುಂದುವರಿ) ಸೀಗೊ, ಆಮೇಲೆ ಸೀಗಾ. ಇಲ್ಲಿ ಯು ಉದುರುತ್ತೆ, ಮರೆತು ಇಟ್ಟುಕೊಂಡರೆ ‘ಸೀಗ್ವಾ’.

ಇನ್ನೊಂದು ಕಡೆ ಅಂಕ ಹೋಗುತ್ತೆ: ‘ಅದನ್ನು ಹುಡುಕಿ’ ಅನ್ನಲು ಬುಸ್ಕೆಗೆ ‘ಲೊ’ ಅಂಟಿಸಿದಾಗ ಮೊದಲ ಯು ಮೇಲೆ ಗೀಟು ಬೇಕೇ ಬೇಕು. ‘ಹುಡುಕಬೇಡಿ’ ಅನ್ನುವಾಗ ‘ಲೊ’ ಬಿಡಿಯಾಗಿ ಮುಂದೆ ಬರುತ್ತೆ, ನೊ ಲೊ ಬುಸ್ಕೆ. ಗೀಟು ಬೇಡ.