ಅಪ್‌ಡೇಟ್: ನೇರಳೆ ಬೀನ್ಸ್, ಹಸಿರು ಟೊಮೆಟೊ ಏನಾದವು?

ನೇರಳೆ ಬೀನ್ಸ್, ಹಣ್ಣಾದರೂ ಹಸಿರಾಗೇ ಇರುವ ಟೊಮೆಟೊ ಕುಂಡದಲ್ಲಿ ಬೆಳೆಯುತ್ತವಾ ಎಂದು ಕೇಳಿದ್ದೆ. ಎರಡೂ ಬಂದವು!

ಎಲೆಗಳ ನಡುವೆ ನೇರಳೆ ಕಾಯಿ ಎದ್ದು ಕಾಣುತ್ತದೆ, ಹುಡುಕಿ ಕೀಳುವ ಕಷ್ಟವಿಲ್ಲ. ಆದರೆ ಬೇಯಿಸಿದೆ ನೋಡಿ, ಬಣ್ಣವೇ ಮಾಯ! ಮಾಮೂಲಿ ಹಸಿರು. ಆ ನೇರಳೆ ಆಂಥೋಸಯನಿನ್ ಎಂಬ ಸಸ್ಯವರ್ಣದ್ದು, ಬೇಯಿಸಿದರೆ ನಿಲ್ಲುವುದಿಲ್ಲ. ರುಚಿಯೂ ಮಾಮೂಲಿ ಬೀನ್ಸಿನದೇ. ಸುಮ್ನೆ ಆಸೆ ಪಟ್ಟಿದ್ದೆ.

ಟೊಮೆಟೊ ಮಾತ್ರ ಚೆನ್ನಾಗಿ ಆಟವಾಡಿಸಿತು. ಗೊತ್ತಿದ್ದೂ, ಇನ್ನೂ ಕಾಯಿ ಅಂದುಕೊಂಡು ಕೀಳದೆ ಬಿಟ್ಟೆ. ಮೊದಲ ನಾಲ್ಕು ಹಣ್ಣು ಗಿಡದಲ್ಲೇ ಕೊಳೆತವು. ಈಗ ದಿನಾ ಮೆಲ್ಲಗೆ ಒತ್ತಿ ನೋಡುತ್ತೇನೆ. ಸ್ವಲ್ಪ ಮೆತ್ತಗಾಗಿ, ಹಸಿರಿನಲ್ಲಿ ತುಸು ಹಳದಿ ಕಂಡರೆ ಕೀಳುತ್ತೇನೆ. ಹುಳಿ ಸಿಹಿ ಎರಡೂ ಹದವಾಗಿವೆ. ಬೀನ್ಸಿಗಿಂತ ಇದೇ ನನಗೆ ಜಾಸ್ತಿ ಇಷ್ಟವಾಯಿತು. ಬೀಜಕ್ಕೆಂದು ಎರಡು ಹಣ್ಣು ಎತ್ತಿಟ್ಟಿದ್ದೇನೆ.