ಪದ ಬೇಕು: ವಿಟಮಿನ್ ಡಿ ‘ಅಭಾವ’ವೋ ‘ಕೊರತೆ’ಯೋ?

ಬಳಗದವರಿಗೆ ನಮಸ್ಕಾರ. ಮಾನಸಿಕ ಕಾಯಿಲೆಯವರ ಮನೆಮಂದಿಗಾಗಿ ಒಂದು ಕರಪತ್ರ ಅನುವಾದಿಸುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ತಲೆಬರಹ: ‘ಮನೋರೋಗಿಗಳಲ್ಲಿ ವಿಟಮಿನ್ ಡಿ ಅಭಾವ’. ಒಳಗೆ ಎರಡು ಸಾಲು: ‘ಡಿ ಅಭಾವದಿಂದ ಖಿನ್ನತೆ’, ‘ದಿನಾ ಎಳೆಬಿಸಿಲಿಗೆ ಮೈಯೊಡ್ಡಿ’. ಅಭಾವ ಸರಿಯೇ? ವಿಟಮಿನ್ನಿಗೆ ಕನ್ನಡ ಪದ ಹಾಕಲೇ?

ಮರು: ಅನ್ನಾಂಗ ಇದೆಯಲ್ಲ. ಶಾಲೆಯಲ್ಲಿ ನಾವು ಓದಿದ್ದೇ ಅದು. ಇದ್ದ ಪದ ಬಿಟ್ಟು ಎರವಲು ತರುವುದು ಸೋಮಾರಿತನ.

ಮರು: ಅನ್ನಾಂಗ ಬೇಡವೇ ಬೇಡ. ಅದು ಅನ್ನದ ಅಂಗ. ಡಿ ಬಹುಪಾಲು ಹುಟ್ಟುವುದು ಬಿಸಿಲು ಬಿದ್ದ ಚರ್ಮದಲ್ಲಿ.

ಮರು: ವಿಟಮಿನ್ ಮಾತ್ರ ಸರಿಯೋ? 1912ರಲ್ಲಿ ಜೀವರಸಾಯನ ವಿಜ್ಞಾನಿ ಕ್ಯಾಸಿಮಿರ್ ಫಂಕ್ ಆ ಪದ ಕಟ್ಟಿದ್ದು ಇವು ಅಮೀನ್‌ಗಳು, ಅಂದರೆ ಸಾರಜನಕವಿರುವ ಒಂದು ಬಗೆಯ ರಾಸಾಯನಿಕಗಳು, ಎಂದುಕೊಂಡು. ಡಿ ಅಮೀನ್ ಅಲ್ಲ. ಹೊರಗಿನ ಪದದ ತಪ್ಪು ನುಂಗಿಕೊಂಡು ನಮ್ಮದರ ತಪ್ಪನ್ನಷ್ಟೇ ಹಿಡಿಯುವುದು ನ್ಯಾಯವಲ್ಲ.

ಮರು: ಪದಮೂಲದ ಜಗಳ ಆಮೇಲೆ ಆಡಿ. ರಕ್ತಪರೀಕ್ಷೆಯ ಚೀಟಿಯಲ್ಲಿ, ಮಾತ್ರೆಯ ಪಟ್ಟಿಯ ಮೇಲೆ ಇರುವುದು ವಿಟಮಿನ್ ಡಿ. ಅದನ್ನೇ ಉಳಿಸಿಕೊಳ್ಳಿ.

ಅಭಾವದ ಮೂಲ ಅರ್ಥ ಇಲ್ಲವೇ ಇಲ್ಲ ಎಂದು. ಸಾಮಾನ್ಯವಾಗಿ ರಕ್ತಪರೀಕ್ಷೆಯಲ್ಲಿ ಡಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಡಿಫಿಷಿಯನ್ಸಿ ಎನ್ನುತ್ತಾರೆ. ಅಂದರೆ ಇದೆ, ಸಾಲದು. ಕೊರತೆ.

‘ಅಭಾವದಿಂದ ಖಿನ್ನತೆ’ ತೆಗೆದುಹಾಕಿ. ಎರಡೂ ಜೊತೆಗೆ ಕಾಣಿಸಿಕೊಳ್ಳುತ್ತವೆ, ಯಾವುದರಿಂದ ಯಾವುದು ಎಂದು ಇತ್ಯರ್ಥವಾಗಿಲ್ಲ. ಆ ಸಾಲಿಗೆ ‘ಇಂದ’ ಎಂಬ ತೃತೀಯೆ ಬೇಡ, ‘ಅಲ್ಲಿ’ ಎಂಬ ಸಪ್ತಮಿ ಸಾಕು.

‘ಮನೋರೋಗಿ’ಯನ್ನು ದಯವಿಟ್ಟು ಬಳಸಬೇಡಿ. ನನ್ನ ತಮ್ಮ ವರ್ಷಗಟ್ಟಲೆ ಆ ಪದ ಕೇಳಿಸಿಕೊಂಡಿದ್ದಾನೆ. ಕಾಯಿಲೆ ಜೋರಾದಾಗ ತಿಂಗಳುಗಟ್ಟಲೆ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಮುಚ್ಚಿದ ಕಿಟಕಿಯ ಗಾಜಿನಿಂದ ಅವನ ಮೊಣಕಾಲ ಮೇಲೆ ಬಿಸಿಲು ಬೀಳುತ್ತಿತ್ತು, ಅಷ್ಟು ಸಾಕು ಅಂದುಕೊಂಡಿದ್ದೆವು. ಡಿ ಹುಟ್ಟಿಸುವುದು ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ, ಅದು ಗಾಜು ದಾಟುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಸಾಲದ್ದಕ್ಕೆ ಅವನು ನುಂಗುತ್ತಿದ್ದ ಕಾರ್ಬಮಜೆಪೀನ್ ಎಂಬ ಮಾತ್ರೆ ದೇಹದಲ್ಲಿರುವ ಡಿಯನ್ನೂ ಬೇಗ ಕರಗಿಸುತ್ತದೆ. ಕರಪತ್ರದಲ್ಲಿ ಇವೆರಡೂ ಇರಲಿ.

ಎಳೆಬಿಸಿಲೂ ತಪ್ಪು. ಸೂರ್ಯ ಕೆಳಗಿದ್ದಾಗ ಯುವಿಬಿ ತೀರಾ ಕಡಿಮೆ. ಹೊತ್ತೇರಿದ ಬಿಸಿಲು ಬೇಕು, ಸ್ವಲ್ಪ ಹೊತ್ತು. ಆದರೆ ಕ್ಲೋರ್‌ಪ್ರೊಮಜೀನ್‌ನಂಥ ಮಾತ್ರೆ ತೆಗೆದುಕೊಳ್ಳುವವರ ಚರ್ಮ ಬೇಗ ಸುಡುತ್ತದೆ, ‘ವೈದ್ಯರನ್ನು ಕೇಳಿ’ ಎಂದು ಸೇರಿಸಿ.

ಮರು: ತುಂಬ ಉಪಕಾರವಾಯಿತು. ತಲೆಬರಹ ‘ಮಾನಸಿಕ ಕಾಯಿಲೆ ಇರುವವರಲ್ಲಿ ವಿಟಮಿನ್ ಡಿ ಕೊರತೆ’. ಬಿಸಿಲಿನ ಸಾಲು: ‘ನಿಮ್ಮ ನೆರಳು ನಿಮಗಿಂತ ಗಿಡ್ಡವಿರುವಾಗ ಸ್ವಲ್ಪ ಹೊತ್ತು ಹೊರಗೆ ಬನ್ನಿ, ಮೊದಲು ವೈದ್ಯರನ್ನು ಕೇಳಿ’.

ಮರು: ಕರಪತ್ರಕ್ಕೆ ಒಪ್ಪಿದೆ. ಪಠ್ಯಪುಸ್ತಕದಿಂದಲೂ ಅನ್ನಾಂಗವನ್ನು ಓಡಿಸಬೇಕೇ ಎಂಬುದಕ್ಕೆ ಯಾರೂ ಉತ್ತರಿಸಲಿಲ್ಲ.