ಬೀಗ ಹಾಕಿದ ಮನೆಯ ಅಶರೀರವಾಣಿ: ಧ್ವನಿ ಮುದ್ರಿಸಿಕೊಂಡವರು ಅನುಭವ ಹಂಚಿಕೊಳ್ಳಿ

ತೀರ್ಥಹಳ್ಳಿ ಕಡೆಯ ನಮ್ಮ ಮೂಲಮನೆಗೆ ಬೀಗ ಬಿದ್ದು ವರ್ಷಗಳಾದವು. ಒಳಗೆ ಯಾರೋ ಮಾತನಾಡುತ್ತಾರೆ ಎಂದು ಊರಲ್ಲಿ ಸುದ್ದಿ. ದಾಯಾದಿಗಳೆಲ್ಲ ಸೇರಿ ಒಂದು ರಾತ್ರಿ ಅಲ್ಲೇ ಕುಳಿತು ಮೊಬೈಲಿನಲ್ಲಿ ಮುದ್ರಿಸಿಕೊಂಡೆವು. ನಡುಮನೆಯ ಮುದ್ರಣದಲ್ಲಿ ‘ಹೋಗಬೇಡ’ ಎಂದಂತೆ ಕೇಳಿಸುತ್ತದೆ. ಮತ್ತೊಮ್ಮೆ ಸರಿಯಾಗಿ ಮುದ್ರಿಸಬೇಕೆಂದಿದ್ದೇವೆ. ಯಾವ ಯಂತ್ರ ಬೇಕು, ಎಲ್ಲಿಡಬೇಕು, ಆಮೇಲೆ ಹೇಗೆ ಕೇಳಬೇಕು? ಬಲ್ಲವರು ತಿಳಿಸಿ.

ಧ್ವನಿಮುದ್ರಣ ವೃತ್ತಿಯವರು, ಬೆಂಗಳೂರು

ಮೊದಲು ಮೊಬೈಲನ್ನು ಪಕ್ಕಕ್ಕಿಡಿ. ಮಾತನ್ನು ಎತ್ತಿ ಹಿಡಿದು ಉಳಿದ ಸದ್ದನ್ನು ಅಡಗಿಸುವಂತೆ ಅನೇಕ ಮೊಬೈಲುಗಳನ್ನು ಹೊಂದಿಸಿರುತ್ತಾರೆ. ಮಾತೇ ಇಲ್ಲದ ಕೋಣೆಯಲ್ಲಿ ಅವು ಗಾಳಿಯ ಸದ್ದನ್ನು ತುಂಡರಿಸಿ ಮಾತಿನ ಚೂರುಗಳಂತೆ ಮಾಡಿಬಿಡುತ್ತವೆ. ಅಂಗೈಯಗಲದ ಡಿಜಿಟಲ್ ರೆಕಾರ್ಡರ್ ಬಾಡಿಗೆಗೂ ಸಿಗುತ್ತದೆ. ಸದ್ದನ್ನು ಕುಗ್ಗಿಸುವ ಎಂಪಿ3 ಬೇಡ, ಕುಗ್ಗಿಸದೆ ಉಳಿಸುವ ವೇವ್ (WAV) ಫೈಲಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ. ಧ್ವನಿಮಟ್ಟವನ್ನು ತಾನಾಗಿಯೇ ಏರಿಳಿಸುವ ಆಟೋ ಲೆವೆಲ್ ಇದ್ದರೆ ಕಡ್ಡಾಯವಾಗಿ ಆಫ್ ಮಾಡಿ. ಮನೆ ನಿಶ್ಶಬ್ದವಾದಷ್ಟೂ ಅದು ಮಟ್ಟವನ್ನು ಏರಿಸುತ್ತ ಹೋಗಿ, ದೂರದ ಮನೆಯ ಟಿವಿಯನ್ನೂ ಪಿಸುಮಾತಿನಂತೆ ಹತ್ತಿರ ತರುತ್ತದೆ. ಎಲ್ಲರ ಮೊಬೈಲುಗಳೂ ಆಫ್ ಆಗಿರಲಿ.

ರೆಕಾರ್ಡರನ್ನು ಕೈಯಲ್ಲಿ ಹಿಡಿಯಲೇಬೇಡಿ. ಪ್ಲಾಸ್ಟಿಕ್ ಮೇಲೆ ಬೆರಳು ಸವರಿದ ಸದ್ದು ಥೇಟ್ ಪಿಸುಮಾತಿನಂತಿರುತ್ತದೆ. ಮಡಚಿದ ಕಂಬಳಿಯ ಮೇಲೆ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಕೂರಿಸಿ. ಒಂದು ರೆಕಾರ್ಡರ್ ಸಾಲದು. ನಡುಮನೆಯಲ್ಲೊಂದು, ಜಗಲಿಯಲ್ಲೊಂದು ಇರಲಿ. ಎರಡನ್ನೂ ಚಾಲೂ ಮಾಡಿ, ಎರಡಕ್ಕೂ ಕೇಳಿಸುವಂತೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ ಆಮೇಲೆ ಹೊಂದಿಸಿ ನೋಡಲು ಸುಲಭ. ‘ಹೋಗಬೇಡ’ ಎನ್ನುವ ದನಿ ಜಗಲಿಯದರಲ್ಲೇ ಜೋರಾಗಿದ್ದರೆ ಅದು ಹೊರಗಿನಿಂದ ಬಂದದ್ದು ಎಂದುಕೊಳ್ಳಬಹುದು.

ಅಲ್ಲಿ ಯಾರೂ ಪಿಸುಗುಟ್ಟಬಾರದು, ಇದು ಬಹಳ ಮುಖ್ಯ. ಕೆಮ್ಮಿದರೆ, ಕಾಲು ಜರುಗಿಸಿದರೆ, ಹೊಟ್ಟೆ ಗುರುಗುಟ್ಟಿದರೆ ಆ ಕ್ಷಣವೇ ‘ಇದು ನಾನು’ ಎಂದು ಬಾಯಿಬಿಟ್ಟು ಹೇಳಿ. ಪ್ರಶ್ನೆ ಕೇಳುವುದಾದರೆ ಸಹಜ ದನಿಯಲ್ಲಿ ಕೇಳಿ, ಮುಂದಿನ ಪ್ರಶ್ನೆಗೆ ಮೊದಲು 20 ಸೆಕೆಂಡಾದರೂ ಸುಮ್ಮನಿರಿ.

ಕೇಳುವಾಗ ಮೂಲ ಫೈಲನ್ನು ಮುಟ್ಟದೆ ಪ್ರತಿಯನ್ನು ಮಾತ್ರ ಬಳಸಿ. ಗದ್ದಲ ತೆಗೆಯುವ ಫಿಲ್ಟರನ್ನು ಬಲವಾಗಿ ಹಾಕಿದರೆ ನೀರೊಳಗಿಂದ ಯಾರೋ ಗುನುಗಿದಂತಹ ಸದ್ದನ್ನು ಅದೇ ಹುಟ್ಟಿಸುತ್ತದೆ. ಅನುಮಾನದ ತುಣುಕನ್ನು ಬೇರೆ ನಾಲ್ಕಾರು ತುಣುಕುಗಳೊಂದಿಗೆ ಬೆರೆಸಿ, ಏನೂ ಗೊತ್ತಿಲ್ಲದವರಿಗೆ ಒಬ್ಬೊಬ್ಬರಿಗೇ ಕೇಳಿಸಿ, ಕೇಳಿದ್ದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಿಮ್ಮ ಪ್ರಶ್ನೆಯಲ್ಲೇ ‘ಹೋಗಬೇಡ’ ಎಂದು ಓದಿದ ಮೇಲೆ ನಾನು ಆ ಪರೀಕ್ಷೆಗೆ ಸಲ್ಲುವುದಿಲ್ಲ. ನನ್ನ ಕಿವಿಗೂ ಇನ್ನು ಅದೇ ಕೇಳಿಸುತ್ತದೆ.

ಹವ್ಯಾಸಿ ಸಂಶೋಧಕಿ, ಮೈಸೂರು

ರೇಡಿಯೊ ಸ್ಟೇಷನ್‌ಗಳ ನಡುವಿನ ಕರಕರ ಸದ್ದನ್ನು ಹಿನ್ನೆಲೆಗೆ ಹಾಕಿದರೆ ಆತ್ಮಗಳಿಗೆ ಮಾತನಾಡಲು ಸುಲಭ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. 1959ರಲ್ಲಿ ಸ್ವೀಡನ್ನಿನ ಚಿತ್ರಕಲಾವಿದ ಫ್ರೀಡ್ರಿಕ್ ಯುರ್ಗೆನ್‌ಸನ್ ಹಕ್ಕಿಗಳ ಕೂಗನ್ನು ಟೇಪಿನಲ್ಲಿ ಹಿಡಿಯುತ್ತಿದ್ದಾಗ ಮನುಷ್ಯರ ದನಿ ಕೇಳಿಸಿತು ಎಂದರು. ಅವರ ಹಾದಿ ಹಿಡಿದ ಲಾಟ್ವಿಯಾದ ಲೇಖಕ ಕಾನ್‌ಸ್ಟಂಟಿನ್ ರೌಡಿವ್ ಸಾವಿರಾರು ದನಿಗಳನ್ನು ಕೂಡಿಟ್ಟರು, ರೇಡಿಯೊವನ್ನೂ ಬಳಸಿದರು. ಅವರಿಗೆ ಕೇಳಿಸಿದ ಒಂದೊಂದು ವಾಕ್ಯದಲ್ಲೂ ಹಲವು ಭಾಷೆಗಳು ಬೆರೆತಿರುತ್ತಿದ್ದವು. ನನಗೆ ಇದೇ ದೊಡ್ಡ ಎಚ್ಚರಿಕೆ. ಕನ್ನಡ, ತುಳು, ಕೊಂಕಣಿ, ಹಿಂದಿ ಎಲ್ಲ ಬಲ್ಲ ಕಿವಿಗೆ ಯಾವ ಅಸ್ಪಷ್ಟ ಸದ್ದಿನಲ್ಲೂ ಒಂದಲ್ಲ ಒಂದು ಪದ ಸಿಕ್ಕೇ ಸಿಗುತ್ತದೆ. ಕೆನಡಾದ ಮನೋವಿಜ್ಞಾನಿ ಇಮಾಂಟ್ಸ್ ಬರೂಸ್ ರೇಡಿಯೊ ಸದ್ದನ್ನು ಹಿನ್ನೆಲೆಗಿಟ್ಟು ಹತ್ತಾರು ಗಂಟೆ ಮುದ್ರಿಸಿ, 2001ರಲ್ಲಿ ವರದಿ ಪ್ರಕಟಿಸಿದರು. ದನಿಯಂತಹ ಸದ್ದುಗಳು ಸಿಕ್ಕವು, ಆದರೆ ಅಸಹಜ ಎಂದು ಖಚಿತವಾಗಿ ಹೇಳುವಂಥದ್ದು ಸಿಗಲಿಲ್ಲ. ಹಾಗೆಂದು ನಿಮ್ಮ ಪ್ರಯತ್ನ ಬಿಡಬೇಕೆಂದು ನಾನು ಹೇಳುವುದಿಲ್ಲ. ರೇಡಿಯೊ ಇಲ್ಲದ, ಶುದ್ಧ ಮೌನದ ಮುದ್ರಣವೊಂದು ನಿಮ್ಮ ಬಳಿ ಇದ್ದರೆ ಅದನ್ನು ಕೇಳಲು ನನಗೆ ನಿಜಕ್ಕೂ ಆಸೆಯಿದೆ.

ಅಡಿಕೆ ಬೆಳೆಗಾರರು, ಕೊಪ್ಪ

ನಮ್ಮ ಕಡೆಯ ಮನೆಯಾದ್ದರಿಂದ ಎರಡು ಮಾತು. ಮಳೆಗಾಲದಲ್ಲಿ ಹೋಗಬೇಡಿ, ಜೀರುಂಡೆ ಮತ್ತು ಕಪ್ಪೆಗಳ ನಡುವೆ ಏನೂ ದಕ್ಕುವುದಿಲ್ಲ. ಹೊತ್ತು ಮುಳುಗಿ ತಂಪಾದಂತೆ ಹೆಂಚು ಮತ್ತು ಜಂತಿಗಳು ಚಟಚಟ ಎನ್ನುತ್ತವೆ. ಅದು ನಿಂತ ಮೇಲೆ ಮುದ್ರಣ ಶುರು ಮಾಡಿ. ಹಗಲಿನಲ್ಲಿ ಏಣಿ ಹಾಕಿ ಅಟ್ಟವನ್ನು ನೋಡಿಕೊಳ್ಳಿ. ಇಲಿಯ ಮೂಳೆ, ಕೂದಲು ಸೇರಿದ ಕಪ್ಪು ಉಂಡೆಗಳು ಕಂಡರೆ ಅಲ್ಲಿ ಕಣಜ ಗೂಬೆ ಇದೆ ಎಂದರ್ಥ. ಅದರ ಮರಿಗಳು ರಾತ್ರಿಯೆಲ್ಲ ಬುಸುಗುಡುವುದು ಮನುಷ್ಯರ ಗೊರಕೆಯಂತೆಯೇ ಕೇಳುತ್ತದೆ. ಮಾಡಿನ ಮೇಲೆ ಪುನುಗು ಬೆಕ್ಕು ಓಡಾಡಿದರೆ ಹೆಜ್ಜೆ ಸಪ್ಪಳವೂ ಬರುತ್ತದೆ.

ಪಕ್ಕದ ತೋಟದವರಿಗೆ ಮುಂಚಿತವಾಗಿ ತಿಳಿಸಿ. ಪಂಪ್‌ಸೆಟ್ಟಿಗೆ ಕರೆಂಟು ಯಾವ ಹೊತ್ತಿಗೆ ಬರುತ್ತದೆ, ರಾತ್ರಿ ಯಾರಾದರೂ ನೀರು ಬಿಡಲು ಬರುತ್ತಾರೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ.